ಮುಂದಿನ ತಿಂಗಳಿಂದ ನಮ್ಮ ಬುಕಿಂಗ್ ನೋಡಿಕೊಳ್ಳುವವರು ಬೇರೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಕಿನಿಂದ, ಸಿನಿಮಾ, ನಾಟಕ, ಮಾಕ್ ಡ್ರಿಲ್‌ಗಳಿಗೆ ಮೇಕಪ್‌ನಲ್ಲಿ ನಕಲಿ ಗಾಯ, ನಕಲಿ ಮುಖ ಮಾಡಿಕೊಡುವ ನಮ್ಮ ವರ್ಕ್‌ಶಾಪ್ ನಂಬರಿಗೆ ನೀವು ಫೋನ್ ಮಾಡಿದರೆ ನಮ್ಮ ಹೊಸ ಸಹಾಯಕಿ ಮಾತಾಡುತ್ತಾರೆ. ನಂಬರ್ ಹಳೆಯದೇ. ಅವರು ಬೆಂಗಳೂರಿನಲ್ಲಿಲ್ಲ, ಪುತ್ತೂರಿನ ತಮ್ಮ ಮನೆಯಿಂದಲೇ ನಮ್ಮ ಬುಕಿಂಗ್, ಕೊಟೇಶನ್, ಬಿಲ್, ಕ್ಯಾಲೆಂಡರ್ ನೋಡಿಕೊಳ್ಳುತ್ತಾರೆ. ಹೀಗೆ ದೂರದಿಂದ ಕೆಲಸ ಮಾಡುವವರನ್ನು ವರ್ಚುವಲ್ ಅಸಿಸ್ಟೆಂಟ್ ಅಂದ ಕೂಡಲೇ ಕೆಲವರು "ಹಾಗಾದ್ರೆ ರೋಬೋಟ್ ಹತ್ರ ಮಾತಾಡ್ಬೇಕಾ?" ಎಂದು ಕೇಳಿದರು. ಇಲ್ಲ. ಅಪ್ಪಟ ಮನುಷ್ಯರು, ಮೊದಲು ಒಂದು ನಾಟಕ ತಂಡದ ಲೆಕ್ಕಪತ್ರ ನೋಡಿಕೊಂಡಿದ್ದವರು.

ಯಾಕೆ ಈ ಬದಲಾವಣೆ ಅಂತ ಹೇಳಬೇಕು. ನಮ್ಮ ಕೆಲಸದಲ್ಲಿ ಕೈ ಖಾಲಿ ಇರುವ ಹೊತ್ತು ಕಡಿಮೆ. ಕಲಾವಿದರ ಮುಖದ ಅಚ್ಚು ತೆಗೆಯುವಾಗ ಆಲ್ಜಿನೇಟ್ ಬಳಸುತ್ತೇವೆ. ಹಲ್ಲಿನ ಡಾಕ್ಟರು ಬಾಯಿಯ ಅಳತೆಗೆ ಇಡುತ್ತಾರಲ್ಲ, ಅದೇ ಜಾತಿಯ ಪುಡಿ. ದೋಸೆ ಹಿಟ್ಟಿನ ಹದಕ್ಕೆ ಕಲಸಿ ಮುಖಕ್ಕೆ ಹಚ್ಚಿದ ಮೇಲೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ನೀರು ಬೆಚ್ಚಗಿದ್ದರೆ ಇನ್ನೂ ಬೇಗ, ಹಾಗಾಗಿ ಬೇಸಿಗೆಯಲ್ಲಿ ತಣ್ಣೀರು ಹುಡುಕುವುದೇ ಒಂದು ಕೆಲಸ. ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜ್. ಅಷ್ಟು ಹೊತ್ತು ಒಳಗಿರುವವರಿಗೆ ಕಣ್ಣು ಕಾಣುವುದಿಲ್ಲ, ಮಾತಾಡಲು ಆಗುವುದಿಲ್ಲ, ಮೂಗಿನ ಹೊಳ್ಳೆಯಲ್ಲಷ್ಟೇ ಉಸಿರಾಟ. ನಮ್ಮಲ್ಲಿ ಒಬ್ಬರು ಆ ಹೊಳ್ಳೆಗಳ ಮೇಲೆ, ಅವರ ಕೈಸನ್ನೆಯ ಮೇಲೆ ಕಣ್ಣಿಟ್ಟು ನಿಂತೇ ಇರಬೇಕು. ಆ ಹೊತ್ತಿಗೆ ಫೋನ್ ಬಂದರೆ ನಾವು ಎತ್ತುವುದಿಲ್ಲ. ಎತ್ತಲೂಬಾರದು.

ಮುಖಕ್ಕೆ ಅಂಟಿಸುವ ತುಂಡುಗಳನ್ನು ರಬ್ಬರಿನಂಥ ಸಿಲಿಕೋನ್‌ನಲ್ಲಿ ಮಾಡುವ ದಿನವಂತೂ ಕೇಳಲೇಬೇಡಿ. ಎರಡು ಭಾಗಗಳನ್ನು ತೂಕ ಮಾಡಿ ಬೆರೆಸಿದ ಕ್ಷಣದಿಂದ ಗಡಿಯಾರ ಶುರು. ನಾವು ಬಳಸುವ ಪ್ಲಾಟಿನಂ ಸಿಲಿಕೋನ್‌ಗೆ ಲ್ಯಾಟೆಕ್ಸ್ ಗ್ಲೌಸ್ ತಾಗಿದರೂ ಸಾಕು, ತಾಗಿದ ಜಾಗ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಗಂಧಕ ಇರುವ ಕ್ಲೇ ತಾಗಿದರೂ ಅದೇ ಕಥೆ. ಇಷ್ಟು ಮಡಿಯ ಸಾಮಾನು ಕೈಯಲ್ಲಿರುವಾಗ ಜೇಬಿನಿಂದ ಫೋನ್ ತೆಗೆಯುವುದು ಆಗದ ಮಾತು. ಸಂಜೆ ಕೈ ತೊಳೆದು ನೋಡಿದರೆ ಮಿಸ್ಡ್ ಕಾಲ್‌ಗಳ ಸಾಲು. ಅಷ್ಟರಲ್ಲಿ ನಿಮ್ಮ ಪ್ರೊಡಕ್ಷನ್ ಮ್ಯಾನೇಜರ್ ಬೇರೆಯವರನ್ನು ಹುಡುಕಿಕೊಂಡಿರುತ್ತಾರೆ. ಅವರ ತಪ್ಪೇನೂ ಇಲ್ಲ.

ತಾನಾಗಿಯೇ ಉತ್ತರ ಕೊಡುವ ಸಾಫ್ಟ್‌ವೇರ್ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಅದನ್ನೂ ಯೋಚಿಸಿದೆವು. ಆದರೆ "ಒಂದು ಸುಟ್ಟ ಗಾಯಕ್ಕೆ ಎಷ್ಟು?" ಎಂಬ ಪ್ರಶ್ನೆಗೆ ಒಂದು ಉತ್ತರ ಇಲ್ಲ. ಬರೀ ಕೆಂಪಾಗಿರಬೇಕೋ, ಗುಳ್ಳೆ ಎದ್ದಿರಬೇಕೋ, ಚರ್ಮ ಕರಕಲಾಗಿರಬೇಕೋ? ಕ್ಲೋಸಪ್ಪೋ, ರಂಗಮಂದಿರದ ಹಿಂದಿನ ಸಾಲಿಗೂ ಕಾಣಬೇಕೋ? ಮಳೆಯ ಸೀನ್ ಇದೆಯೋ? ಇದನ್ನು ಒಂದೊಂದಾಗಿ ಕೇಳಿ, ನಿಮ್ಮ ಮನಸ್ಸಿನಲ್ಲಿರುವುದು ಏನು ಅಂತ ತಿಳಿದುಕೊಳ್ಳಲು ಮನುಷ್ಯರೇ ಬೇಕು ಅನ್ನಿಸಿತು. ಇನ್ನೊಂದು ಅನುಕೂಲವೂ ಇದೆ. ನಮ್ಮ ಸಹಾಯಕಿಯದು ತೆಂಕುತಿಟ್ಟು ಯಕ್ಷಗಾನದ ಊರು. ರಾಕ್ಷಸನ ಮುಖಕ್ಕೆ ಚುಟ್ಟಿ, ಅಂದರೆ ಹಿಟ್ಟಿನ ಉಬ್ಬು ಚುಕ್ಕೆ, ಇಡಲು ಗಂಟೆಗಟ್ಟಲೆ ಬೇಕು ಅನ್ನುವುದನ್ನು ವೇಷ ಹಾಕುವ ಚೌಕಿಯಲ್ಲಿ ನೋಡಿ ಬೆಳೆದವರು. ಬೆಳಿಗ್ಗೆ 8ಕ್ಕೆ ಶಾಟ್ ಇದ್ದರೆ ಮೇಕಪ್ ಕುರ್ಚಿ 4 ಗಂಟೆಗೇ ಯಾಕೆ ಬೇಕು ಅಂತ ಅವರಿಗೆ ನಾವು ವಿವರಿಸಬೇಕಾಗಲಿಲ್ಲ.

ಹಾಗಾಗಿ ಅವರು ಪ್ರಶ್ನೆ ಜಾಸ್ತಿ ಕೇಳುತ್ತಾರೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಮುಖ್ಯವಾದ ಪ್ರಶ್ನೆ ಒಂದೇ: ಶೂಟಿಂಗ್ ಎಷ್ಟು ದಿನ? ಮುಖಕ್ಕೆ ಅಂಟಿಸುವ ಸಿಲಿಕೋನ್ ತುಂಡಿನ ಅಂಚು ತುಂಬಾ ತೆಳ್ಳಗಿರುತ್ತದೆ. ಅದನ್ನು ದ್ರಾವಕದಿಂದ ಕರಗಿಸಿ ಚರ್ಮದ ಜೊತೆ ಸೇರಿಸಿದಾಗಲೇ ಗೆರೆ ಕಾಣದೆ ಹೋಗುವುದು. ಸಂಜೆ ಬಿಚ್ಚುವಾಗ ಆ ಅಂಚು ಹೋಗಿರುತ್ತದೆ. ಅಂದರೆ 10 ದಿನದ ಶೂಟಿಂಗ್‌ಗೆ 10 ಸೆಟ್ ತುಂಡು, ಮೇಲೆ ಒಂದೆರಡು ಹೆಚ್ಚುವರಿ. "ಅದೇ ಮುಖ ತಾನೇ, ನಾಳೆಯೂ ಹಾಕಿ" ಅನ್ನಲು ಬರುವುದಿಲ್ಲ. ಕೊಟೇಶನ್‌ನಲ್ಲಿ ದೊಡ್ಡ ಮೊತ್ತ ಯಾವಾಗಲೂ ಇದೇ.

ನಕಲಿ ರಕ್ತ ಬೇಕಿದ್ದರೆ ಬಾಯಿಗೆ ಹೋಗುತ್ತದೋ ಇಲ್ಲವೋ ಹೇಳಿ, ಎರಡನ್ನೂ ಬೇರೆಯಾಗಿ ಮಾಡುತ್ತೇವೆ. ಬಿಳಿ ಪಂಚೆ, ಬಿಳಿ ಶರಟಿನ ಮೇಲಾದರೆ ಕಾಸ್ಟ್ಯೂಮ್‌ನವರು ಜೋಡಿ ಇಟ್ಟುಕೊಳ್ಳಲಿ, ಕಲೆ ಪೂರ್ತಿ ಹೋಗುತ್ತದೆ ಎಂಬ ಭರವಸೆ ನಾವು ಕೊಡುವುದಿಲ್ಲ. ಹೊರಾಂಗಣ ಅಂತ ಮೊದಲೇ ತಿಳಿದರೆ ಸಕ್ಕರೆ ಪಾಕದ ರಕ್ತದ ಬದಲು ಬೇರೆ ಮಾಡುತ್ತೇವೆ. ಇಲ್ಲದಿದ್ದರೆ ಹೆಣದ ಪಾತ್ರದಲ್ಲಿ ಮಲಗಿದವರಿಗೆ ಇರುವೆ ಮುತ್ತಿ ಹೆಣವೇ ಎದ್ದು ಕೂರುತ್ತದೆ.

ಕಾರ್ಖಾನೆಗಳ ಸೇಫ್ಟಿ ಆಫೀಸರುಗಳಿಗೆ ಒಂದು ಮಾತು. ಅಪಾಯಕಾರಿ ರಾಸಾಯನಿಕಗಳಿಗಾಗಿ 1989ರಲ್ಲಿ ಬಂದ ನಿಯಮಗಳ ಪ್ರಕಾರ ನಿಮ್ಮಲ್ಲಿ ಹಲವರು 6 ತಿಂಗಳಿಗೊಮ್ಮೆ ಮಾಕ್ ಡ್ರಿಲ್ ಮಾಡಲೇಬೇಕು. ಅದಕ್ಕೆ ಗಾಯಾಳುಗಳ ಮೇಕಪ್ ಬೇಕು ಅಂತ ಹಿಂದಿನ ದಿನ ಫೋನ್ ಮಾಡುವ ಅಭ್ಯಾಸ ಕೆಲವು ಕಡೆ ಇದೆ. ಇನ್ನು ಮೇಲೆ ಸಹಾಯಕಿಯೇ ನಿಮ್ಮ ತಾರೀಕು ಬರೆದಿಟ್ಟುಕೊಂಡು ಒಂದು ತಿಂಗಳ ಮುಂಚೆ ನೆನಪಿಸುತ್ತಾರೆ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ, ಆ ವಾರ ನಮ್ಮ ಕ್ಯಾಲೆಂಡರ್ ಬೇಗ ತುಂಬುತ್ತದೆ. ನರ್ಸಿಂಗ್ ಕಾಲೇಜಿನವರು ಯಾವ ಹಂತದ ಗಾಯ ಅಂತ ಪಾಠದ ಪ್ರಕಾರ ಬರೆದು ಕಳಿಸಿದರೆ ಹಾಗೇ ಮಾಡುತ್ತೇವೆ.

ಸಹಾಯಕಿ ಮಾಡದ ಕೆಲಸಗಳೂ ಇವೆ. ಚರ್ಮದ ವಿಷಯ ನಮ್ಮದೇ. ಅಂಟು, ಲ್ಯಾಟೆಕ್ಸ್ ಅಲರ್ಜಿ ಇದೆಯೇ ಎಂಬ ಫಾರಂ ನೇರವಾಗಿ ವರ್ಕ್‌ಶಾಪ್‌ಗೆ ಬರುತ್ತದೆ. ಫಾರಂ ಬಂತೋ ಇಲ್ಲವೋ ಅನ್ನುವುದಷ್ಟೇ ಅವರಿಗೆ ಕಾಣುತ್ತದೆ, ಒಳಗೆ ಏನಿದೆ ಅಂತ ಅಲ್ಲ. ಮೊದಲ ಬಾರಿಗೆ ಬರುವ ಪ್ರತಿ ಕಲಾವಿದರೂ ಕಡಿಮೆ ಅಂದರೂ ಒಂದು ದಿನ ಮುಂಚೆ ಬಂದು ಕೈ ಮೇಲೆ ಅಂಟಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸ್ಟಾರ್ ಆಗಲಿ, ಜೂನಿಯರ್ ಆರ್ಟಿಸ್ಟ್ ಆಗಲಿ, ಇದರಲ್ಲಿ ರಿಯಾಯಿತಿ ಇಲ್ಲ. ಲುಕ್ ಬಗ್ಗೆ ಚರ್ಚೆಯೂ ನಮ್ಮ ಜೊತೆಯೇ. ಅದಕ್ಕೆ ಅವರು ಸಂಜೆ ಹೊತ್ತಿನಲ್ಲಿ ಸಮಯ ಗೊತ್ತು ಮಾಡಿಕೊಡುತ್ತಾರೆ.

ಗುಟ್ಟಿನ ಬಗ್ಗೆ ಸಿನಿಮಾದವರಿಗೆ ಚಿಂತೆ ಇರುವುದು ಸಹಜ. ಪಾತ್ರದ ಸ್ಕೆಚ್, ಟೆಸ್ಟ್ ಫೋಟೋ ಯಾವುದೂ ವರ್ಕ್‌ಶಾಪ್‌ನ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಗುಟ್ಟು ಕಾಯುವ ಒಪ್ಪಂದಕ್ಕೆ ನಮ್ಮಂತೆ ಅವರೂ ಸಹಿ ಹಾಕಿದ್ದಾರೆ. ಆದ್ದರಿಂದ ಬುಕಿಂಗ್ ನಂಬರಿಗೆ ಫೋಟೋ ಕಳಿಸಬೇಡಿ.

ದರ ಬದಲಾಗಿಲ್ಲ. ಬ್ಯಾಂಕ್ ಖಾತೆಯೂ ಬದಲಾಗಿಲ್ಲ. ಖಾತೆ ಬದಲಾಗಿದೆ ಅಂತ ನಮ್ಮ ಹೆಸರಿನಲ್ಲಿ ಯಾರೇ ಮೆಸೇಜ್ ಕಳಿಸಿದರೂ ಹಣ ಹಾಕುವ ಮೊದಲು ನಮಗೆ ಫೋನ್ ಮಾಡಿ. ನಮ್ಮ ಸಹಾಯಕಿ ಯಾವತ್ತೂ ಒಟಿಪಿ ಕೇಳುವುದಿಲ್ಲ.

ಅವರು ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 9ರಿಂದ ಸಂಜೆ 6ರ ತನಕ ಸಿಗುತ್ತಾರೆ. ಪುತ್ತೂರಿನ ಮಳೆ ನಿಮಗೆ ಗೊತ್ತೇ ಇದೆ, ಕರೆಂಟ್ ಹೋದ ದಿನ ಉತ್ತರ ಸ್ವಲ್ಪ ತಡವಾಗಬಹುದು. ರಾತ್ರಿ ಶೂಟಿಂಗ್ ನಡೆಯುತ್ತಿದ್ದು ಅಂಚು ಬಿಟ್ಟುಕೊಂಡರೆ, ಚರ್ಮ ಉರಿದರೆ, ಅವರಿಗೆ ಕಾಯದೆ ಸೆಟ್‌ನಲ್ಲಿರುವ ನಮ್ಮ ಹುಡುಗರಿಗೆ ತಕ್ಷಣ ಹೇಳಿ. ಈಗಾಗಲೇ ಅಡ್ವಾನ್ಸ್ ಕೊಟ್ಟಿರುವವರ ತಾರೀಕು ಹಾಗೇ ಇದೆ. ಈ ವಾರ ಅವರೇ ಒಬ್ಬೊಬ್ಬರಿಗೂ ಫೋನ್ ಮಾಡಿ ತಾರೀಕು ಖಚಿತ ಮಾಡಿಕೊಳ್ಳುತ್ತಾರೆ.

ಇಂತಿ ನಿಮ್ಮ,
ವರ್ಕ್‌ಶಾಪ್‌ನ ಎಲ್ಲರೂ