ವಿದ್ಯಾರ್ಥಿ ಸಂಶೋಧನೆ: ವರದಿಗಿಂತ ಮೊದಲು ಅಳತೆ ಸರಿಯಾಗಲಿ

ಸಂಪಾದಕರಿಗೆ,

ಮಾನ್ಯರೇ,

ಬಿ.ಎಸ್ಸಿ. ಕೊನೆಯ ಸೆಮಿಸ್ಟರ್, ಎಂ.ಎಸ್ಸಿ. ನಾಲ್ಕನೇ ಸೆಮಿಸ್ಟರ್ ಬಂತೆಂದರೆ ರಸಾಯನಶಾಸ್ತ್ರ, ಜೀವರಸಾಯನಶಾಸ್ತ್ರ ವಿಭಾಗಗಳಲ್ಲಿ ಪ್ರಾಜೆಕ್ಟ್‌ನ ಗಡಿಬಿಡಿ. ರಟ್ಟಿನ ಮೇಲೆ ಚಿನ್ನದ ಅಕ್ಷರ ಒತ್ತಿಸಿಕೊಂಡು ಬರುವ ವರದಿಗಳನ್ನು ತೆರೆದು ನೋಡಿದರೆ ಹೆಚ್ಚಿನವು ಒಂದೇ ಅಚ್ಚಿನವು: ಯಾವುದೋ ಗಿಡದ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ, ಆಲ್ಕಲಾಯ್ಡ್, ಟ್ಯಾನಿನ್, ಸಪೋನಿನ್ ಎಂಬ ಸಸ್ಯ ರಾಸಾಯನಿಕಗಳ ಮುಂದೆ ಇದೆ, ಇಲ್ಲ ಎಂದು ಪ್ಲಸ್ ಮೈನಸ್ ಹಾಕಿದ ಕೋಷ್ಟಕ. ತುಳಸಿ, ಬೇವು, ಅಮೃತಬಳ್ಳಿಗಳಿಗೆ ಈ ಪರೀಕ್ಷೆ ಲೆಕ್ಕವಿಲ್ಲದಷ್ಟು ಸಲ ಆಗಿದೆ. ಆಲ್ಕಲಾಯ್ಡ್ ಪತ್ತೆಗೆಂದು ಮೇಯರ್ ದ್ರಾವಣ ಹಾಕಿದಾಗ ಕಾಣುವ ಬಿಳಿ ಕದಡು ಪ್ರೋಟೀನ್‌ನಿಂದಲೂ ಬರುತ್ತದೆ. ಕುಲುಕಿದಾಗ ನೊರೆ ಎದ್ದ ಮಾತ್ರಕ್ಕೆ ಸಪೋನಿನ್ ಇದೆ ಎನ್ನಲಾಗದು. ಮೂರು ವರ್ಷ ಬ್ಯೂರೆಟ್ (ದ್ರಾವಣವನ್ನು ಹನಿಹನಿಯಾಗಿ ಬಿಡುವ ಅಳತೆ ನಳಿಕೆ) ಹಿಡಿದು ಪಳಗಿದ ಮಕ್ಕಳ ಕೈಗೆ ನಾವು ಇಂಥ ಕೆಲಸ ಕೊಡುತ್ತಿದ್ದೇವೆ ಎಂಬುದೇ ಬೇಸರದ ಸಂಗತಿ.

'ನಮ್ಮಲ್ಲಿ ದೊಡ್ಡ ಉಪಕರಣಗಳಿಲ್ಲ, ಇನ್ನೇನು ಮಾಡಿಸಲಿ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಸಿಕ್ಕವರು ದೊಡ್ಡ ಪ್ರಯೋಗಾಲಯಗಳಿಗೆ ಹೋಗಿ ಕಲಿಯುತ್ತಾರೆ, ಸಂತೋಷ. ಉಳಿದವರೆಲ್ಲ ತಮ್ಮ ಕಾಲೇಜಿನಲ್ಲೇ ಮಾಡಬೇಕು. ಅಲ್ಲಿ ದ್ರಾವಣದ ಬಣ್ಣ ಎಷ್ಟು ಗಾಢ ಎಂದು ಅಳೆಯುವ ಒಂದು ಕಲರಿಮೀಟರ್, ಒಂದು ಪಿಎಚ್ ಮೀಟರ್, ಸರಿಯಾಗಿ ತೂಗುವ ತಕ್ಕಡಿ, ನಾಲ್ಕು ಬ್ಯೂರೆಟ್ ಇದ್ದರೆ ಸಾಕು. ಕೇಳುವ ಪ್ರಶ್ನೆ ಚಿಕ್ಕದಾಗಿರಬೇಕು, ಉತ್ತರ ಅಂಕಿಯಲ್ಲಿ ಬರಬೇಕು, ಆ ಅಂಕಿ ತಪ್ಪಾಗಿದ್ದರೆ ತಪ್ಪೆಂದು ತಿಳಿಯುವ ದಾರಿಯೂ ಯೋಜನೆಯೊಳಗೇ ಇರಬೇಕು.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ಗೊತ್ತು. ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ಈಗ ಹಳ್ಳಿಹಳ್ಳಿಯಲ್ಲೂ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. 'ನಮ್ಮ ತಾಲ್ಲೂಕಿನ ನೀರಿನ ಗುಣಮಟ್ಟ' ಎಂಬ ವಿಷಯ ಒಬ್ಬ ವಿದ್ಯಾರ್ಥಿಯ ನಾಲ್ಕು ತಿಂಗಳಿಗೆ ನಿಲುಕುವಂಥದ್ದಲ್ಲ. ಅದರ ಬದಲು ಒಂದೇ ಘಟಕವನ್ನು ಹಿಡಿಯಲಿ. ಒಂದೇ ಹೊತ್ತಿನಲ್ಲಿ ಮೂರು ಬಾಟಲಿ ನೀರು: ಒಳಗೆ ಹೋಗುವ ಕೊಳವೆಬಾವಿ ನೀರು, ಶುದ್ಧವಾಗಿ ಬರುವ ನೀರು, ಚರಂಡಿಗೆ ಹರಿಯುವ ತ್ಯಾಜ್ಯ ನೀರು. ಜೊತೆಗೆ ಒಂದು ಬಕೆಟ್, ಒಂದು ಗಡಿಯಾರ. ಶುದ್ಧ ನೀರು ನಿಮಿಷಕ್ಕೆ ಎಷ್ಟು ಲೀಟರ್, ತ್ಯಾಜ್ಯ ಎಷ್ಟು ಲೀಟರ್ ಎಂದು ಅಳೆದು ಬರೆದುಕೊಳ್ಳಲಿ.

ಮೂರನೆಯ ಬಾಟಲಿಯಲ್ಲಿ ಇಡೀ ಯೋಜನೆಯ ಜೀವಾಳವಿದೆ. ಈ ಘಟಕಗಳಲ್ಲಿರುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಪೊರೆ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಒಳಹೋದದ್ದೆಲ್ಲ ಎರಡು ದಾರಿಯಲ್ಲಿ ಹೊರಬರಲೇಬೇಕು. ಒಳನೀರಿನಲ್ಲಿ ಲೀಟರಿಗೆ 2.4 ಮಿಲಿಗ್ರಾಂ, ಶುದ್ಧ ನೀರಿನಲ್ಲಿ 0.3 ಇದೆ, ನೀರು ಅರ್ಧಕ್ಕರ್ಧ ಹಂಚಿಹೋಗುತ್ತಿದೆ ಎಂದುಕೊಳ್ಳಿ. ಆಗ ತ್ಯಾಜ್ಯದಲ್ಲಿ 4.5ರ ಆಸುಪಾಸು ಇರಬೇಕು. ಅಳೆದಾಗ 3 ಬಂದರೆ ಮಾದರಿ ತೆಗೆದದ್ದರಲ್ಲೋ ಕಲರಿಮೀಟರ್ ಮುಂದೆಯೋ ಎಲ್ಲೋ ಎಡವಟ್ಟಾಗಿದೆ. ಮೇಷ್ಟರು ಹೇಳಬೇಕಿಲ್ಲ, ಲೆಕ್ಕವೇ ಹೇಳುತ್ತದೆ. ಚರಂಡಿ ಸೇರುವ ಆ ನೀರು ಮುಂದೆ ಯಾವ ಕೆರೆ, ಯಾವ ತೋಟಕ್ಕೆ ಹೋಗುತ್ತದೆ ಎಂದು ಅದೇ ವಿದ್ಯಾರ್ಥಿ ಮರುದಿನ ನಡೆದು ನೋಡಿ ಬರಬಹುದು.

ಎಡವುವ ಜಾಗಗಳನ್ನೂ ಹೇಳಬೇಕು. ಶುದ್ಧ ನೀರನ್ನು ಕ್ಯಾನ್ ತುಂಬುವ ನಲ್ಲಿಯಿಂದ ಹಿಡಿದರೆ ಟ್ಯಾಂಕಿನಲ್ಲಿ ನಿನ್ನೆಯಿಂದ ನಿಂತ ನೀರೂ ಬೆರೆತಿರುತ್ತದೆ. ಪೊರೆಯಿಂದ ಹೊರಬೀಳುವ ಪೈಪಿನಲ್ಲೇ ಹಿಡಿಯಬೇಕು, ಅದೂ ಘಟಕ ಹತ್ತು ನಿಮಿಷ ಓಡಿದ ಮೇಲೆ. ಫ್ಲೋರೈಡ್‌ಗೆ ಗಾಜಿನ ಬಾಟಲಿ ಬೇಡ, ಪಾಲಿಥೀನ್ ಬಾಟಲಿ ಬೇಕು. ಹಿಡಿಯುವ ನೀರಿನಲ್ಲೇ ಅದನ್ನು ಮೂರು ಸಲ ತೊಳೆದು ಆಮೇಲೆ ತುಂಬಬೇಕು.

ಅಳೆಯಲು ಸ್ಪ್ಯಾಂಡ್ಸ್ ಎಂಬ ಕೆಂಪು ಬಣ್ಣದ ದ್ರವ್ಯ ಬಳಸುವ ವಿಧಾನ ಸಾಕು. ಒಣಗಿಸಿದ ಸೋಡಿಯಂ ಫ್ಲೋರೈಡ್ 221 ಮಿಲಿಗ್ರಾಂ ತೂಗಿ ಒಂದು ಲೀಟರಿಗೆ ಕರಗಿಸಿದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಇರುವ ಮೂಲ ದ್ರಾವಣ ಸಿಗುತ್ತದೆ. ಅದನ್ನು ಹತ್ತು ಪಟ್ಟು ತೆಳುಗೊಳಿಸಿ 0, 1, 2 ಎಂದು 7 ಮಿಲಿಲೀಟರ್‌ವರೆಗೆ ತೆಗೆದುಕೊಂಡು, ಒಂದೊಂದನ್ನೂ 50 ಮಿಲಿಲೀಟರಿಗೆ ಏರಿಸಿದರೆ ಲೀಟರಿಗೆ 0ಯಿಂದ 1.4 ಮಿಲಿಗ್ರಾಂವರೆಗಿನ ಸ್ಟ್ಯಾಂಡರ್ಡ್ ಸಾಲು, ಅಂದರೆ ಫ್ಲೋರೈಡ್ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ದ್ರಾವಣಗಳ ಸಾಲು, ಸಿದ್ಧ. ಪ್ರತಿಯೊಂದಕ್ಕೂ 10 ಮಿಲಿಲೀಟರ್ ಸ್ಪ್ಯಾಂಡ್ಸ್-ಜಿರ್ಕೋನಿಯಂ ದ್ರಾವಣ ಸೇರಿಸಿ ಕಲರಿಮೀಟರ್‌ನಲ್ಲಿ 570 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ ರೀಡಿಂಗ್ ತೆಗೆಯಬೇಕು. ಇಲ್ಲಿ ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಮಾಸುತ್ತದೆ, ಗ್ರಾಫ್ ಇಳಿಮುಖವಾಗಿರುತ್ತದೆ. ದ್ರಾವಣಕ್ಕೇ ಬಣ್ಣವಿರುವುದರಿಂದ ಅದನ್ನು ಅಳತೆ ಜಾಡಿಯಲ್ಲಿ ಸುರಿದರೆ ಕೆಲಸ ಕೆಟ್ಟಿತು: ಅರ್ಧ ಮಿಲಿಲೀಟರ್ ಹೆಚ್ಚು ಬಿದ್ದರೂ ಬಣ್ಣ ಗಾಢವಾಗಿ, ಫ್ಲೋರೈಡ್ ಇದ್ದುದಕ್ಕಿಂತ ಕಡಿಮೆ ಎಂದು ಬರುತ್ತದೆ. ಪಿಪೆಟ್‌ನಲ್ಲೇ ಹಾಕಬೇಕು. ಫ್ರಿಜ್‌ನಿಂದ ಈಗಷ್ಟೇ ತೆಗೆದ ಮಾದರಿಯನ್ನು ಕೋಣೆಯ ಬಿಸಿಗೆ ಬಂದ ಸ್ಟ್ಯಾಂಡರ್ಡ್ ಜೊತೆ ಹೋಲಿಸಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪೆಂದರೆ ತ್ಯಾಜ್ಯ ನೀರನ್ನು ಇದ್ದಂತೆಯೇ ಪರೀಕ್ಷೆಗೆ ಇಡುವುದು. 1.4 ದಾಟಿದ ಮೇಲೆ ಈ ಗ್ರಾಫನ್ನು ನಂಬುವಂತಿಲ್ಲ. ಒಳನೀರನ್ನೂ ತ್ಯಾಜ್ಯವನ್ನೂ 10 ಮಿಲಿಲೀಟರ್ ತೆಗೆದು 50ಕ್ಕೆ ಏರಿಸಿ, ಬಂದದ್ದನ್ನು ಐದರಿಂದ ಗುಣಿಸಬೇಕು.

ಇನ್ನೊಂದು ಪರೀಕ್ಷೆಯನ್ನು ಯಾವ ವಿದ್ಯಾರ್ಥಿಯೂ ಬಿಡಬಾರದು. ಶುದ್ಧ ನೀರು 25 ಮಿಲಿಲೀಟರಿಗೆ, ಲೀಟರಿಗೆ 10 ಮಿಲಿಗ್ರಾಂ ಇರುವ ಸ್ಟ್ಯಾಂಡರ್ಡ್ 2.5 ಮಿಲಿಲೀಟರ್ ಸೇರಿಸಿ 50ಕ್ಕೆ ಏರಿಸಲಿ. ಪಕ್ಕದ ಫ್ಲಾಸ್ಕಿನಲ್ಲಿ ಅದೇ ನೀರು 25 ಮಿಲಿಲೀಟರ್, ಸ್ಟ್ಯಾಂಡರ್ಡ್ ಇಲ್ಲದೆ. ಎರಡರ ನಡುವೆ 0.5 ವ್ಯತ್ಯಾಸ ಬರಬೇಕು. ಒಳನೀರಿಗೂ, ತ್ಯಾಜ್ಯಕ್ಕೂ ತೆಳುಗೊಳಿಸಿದ ಮೇಲೆ ಹೀಗೆಯೇ ಮಾಡಿ ನೋಡಲಿ. 0.3 ಮಾತ್ರ ಬಂದರೆ ನೀರಿನಲ್ಲಿರುವ ಅಲ್ಯೂಮಿನಿಯಂನಂಥ ಯಾವುದೋ ಅಡ್ಡಬರುತ್ತಿದೆ, ಇಲ್ಲವೇ ಕೈ ತಪ್ಪಿದೆ. ಸ್ಪ್ಯಾಂಡ್ಸ್-ಜಿರ್ಕೋನಿಯಂ ದ್ರಾವಣಕ್ಕೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಬಹಳಷ್ಟು ಬೇಕಾಗುವುದರಿಂದ ಅದನ್ನು ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲಿ ಬೋಧಕರೇ ತಯಾರಿಸಿಕೊಡುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಸೋಡಾದಿಂದ ತಟಸ್ಥಗೊಳಿಸದೆ ಸಿಂಕಿಗೆ ಸುರಿಯಬಾರದು.

ಜೀವರಸಾಯನಶಾಸ್ತ್ರಕ್ಕೆ ನಮ್ಮ ಅಡುಗೆಮನೆಯಲ್ಲೇ ಪ್ರಶ್ನೆಗಳಿವೆ. ಮಕ್ಕಳ ಸರಿಹಿಟ್ಟಿಗೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸುತ್ತೇವೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದಲೇ ಆ ಹಿಟ್ಟಿನ ಗಂಜಿ ತೆಳ್ಳಗಾಗುವುದು. ಎಷ್ಟು ಗಂಟೆಯ ಮೊಳಕೆಯಲ್ಲಿ ಅಮೈಲೇಸ್ ಅತಿ ಹೆಚ್ಚು? 0, 24, 48, 72, 96 ಗಂಟೆಗಳ ರಾಗಿಯನ್ನು 45 ಡಿಗ್ರಿ ಮೀರದಂತೆ ಒಣಗಿಸಿ ಪುಡಿ ಮಾಡಲಿ. ಒಂದು ಗ್ರಾಂ ಹಿಟ್ಟನ್ನು 10 ಮಿಲಿಲೀಟರ್ ತಣ್ಣನೆಯ ಅಸಿಟೇಟ್ ಬಫರ್‌ನಲ್ಲಿ (ಪಿಎಚ್ ಏರುಪೇರಾಗದಂತೆ ಹಿಡಿಯುವ ದ್ರಾವಣ; 0.1 ಮೋಲಾರ್, ಪಿಎಚ್ 5) ಅರೆದು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ತೆಗೆದುಕೊಳ್ಳಲಿ. ಅರ್ಧ ಮಿಲಿಲೀಟರ್ ತಿಳಿ, ಅರ್ಧ ಮಿಲಿಲೀಟರ್ ಶೇಕಡಾ 1ರ ಪಿಷ್ಟ, 37 ಡಿಗ್ರಿ. ಕ್ರಿಯೆ ನಿಲ್ಲಿಸಲು ಒಂದು ಮಿಲಿಲೀಟರ್ ಡಿಎನ್‌ಎಸ್ (ಸಕ್ಕರೆಯೊಂದಿಗೆ ಕುದಿಸಿದರೆ ಕಂದುಗೆಂಪಾಗುವ ದ್ರಾವಣ), ಐದು ನಿಮಿಷ ಕುದಿಯುವ ನೀರಿನಲ್ಲಿ ಇಟ್ಟು, ತಣಿಸಿ, 10 ಮಿಲಿಲೀಟರಿಗೆ ಏರಿಸಿ 540 ನ್ಯಾನೊಮೀಟರ್‌ನಲ್ಲಿ ರೀಡಿಂಗ್. ಡಿಎನ್‌ಎಸ್ ದ್ರಾವಣದ 100 ಮಿಲಿಲೀಟರಿಗೆ ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ 1 ಗ್ರಾಂ, ಸೋಡಿಯಂ ಪೊಟ್ಯಾಶಿಯಂ ಟಾರ್ಟರೇಟ್ 30 ಗ್ರಾಂ, ಸೋಡಿಯಂ ಹೈಡ್ರಾಕ್ಸೈಡ್ 1.6 ಗ್ರಾಂ. ಗ್ರಾಫ್ ಹಾಕಲು ಸ್ಟ್ಯಾಂಡರ್ಡ್ ಆಗಿ ಮಾಲ್ಟೋಸ್ ಸಕ್ಕರೆ.

ಇಲ್ಲಿ ಬ್ಲ್ಯಾಂಕ್, ಅಂದರೆ ರೀಡಿಂಗ್‌ನಿಂದ ಕಳೆಯಲು ಇಡುವ ಹೋಲಿಕೆಯ ನಳಿಕೆ, ಬರೀ ಬಫರ್ ಅಲ್ಲ. ಮೊಳಕೆಯಲ್ಲಿ ಸಕ್ಕರೆ ಮೊದಲೇ ಇರುತ್ತದೆ, ಡಿಎನ್‌ಎಸ್ ಅದಕ್ಕೂ ಕಂದುಗೆಂಪಾಗುತ್ತದೆ. ಹಾಗಾಗಿ ಪ್ರತಿ ಮಾದರಿಗೂ ಒಂದು ಸೊನ್ನೆ ನಿಮಿಷದ ನಳಿಕೆ ಇರಬೇಕು: ಪಿಷ್ಟಕ್ಕೆ ಮೊದಲು ಡಿಎನ್‌ಎಸ್ ಹಾಕಿ, ಆಮೇಲೆ ತಿಳಿ ಸೇರಿಸಿ ಕುದಿಸುವುದು. ಅದನ್ನು ಕಳೆಯದೆ ಹೋದರೆ ಹಳೆಯ ಮೊಳಕೆಯ ಸಕ್ಕರೆಯನ್ನೇ ಕಿಣ್ವದ ಶಕ್ತಿ ಎಂದು ಬರೆದಂತಾಗುತ್ತದೆ. 2, 4, 6, 8, 10 ನಿಮಿಷಗಳಲ್ಲಿ ನಿಲ್ಲಿಸಿ ನೋಡಿದಾಗ ಗೆರೆ ನೇರವಾಗಿ ಏರುತ್ತಿರಬೇಕು. ಎರಡೇ ನಿಮಿಷಕ್ಕೆ ಗಾಢವಾಗಿ ಆಮೇಲೆ ಬಾಗಿದರೆ ಪಿಷ್ಟ ತೀರುತ್ತಿದೆ ಎಂದರ್ಥ, ತಿಳಿಯನ್ನು ಹತ್ತು ಪಟ್ಟು ತೆಳುಗೊಳಿಸಿ ಮತ್ತೆ ಮಾಡಬೇಕು. ಬಟ್ಟೆಯಲ್ಲಿ ಬೂಷ್ಟು ಕಂಡರೆ ಆ ಗಂಟನ್ನು ಎಸೆಯಬೇಕು, ಬೂಷ್ಟಿಗೂ ತನ್ನದೇ ಅಮೈಲೇಸ್ ಇದೆ. ಇನ್ನು 'ಮೂರು ಸಲ ಮಾಡಿದೆ' ಎನ್ನುವವರು ಒಂದೇ ತಿಳಿಯಿಂದ ಮೂರು ನಳಿಕೆ ತುಂಬಿರುತ್ತಾರೆ. ಅದರಿಂದ ಪಿಪೆಟ್ ಹಿಡಿದ ಕೈ ಎಷ್ಟು ಸ್ಥಿರ ಎಂದು ಮಾತ್ರ ಗೊತ್ತಾಗುತ್ತದೆ. ರಾಗಿಯ ಬಗ್ಗೆ ಏನಾದರೂ ಹೇಳಬೇಕಾದರೆ ಮೂರು ಗಂಟು ಬೇರೆ ಬೇರೆಯಾಗಿ ಮೊಳಕೆ ಬರಿಸಬೇಕು.

ನೆಲ್ಲಿಕಾಯಿಯ 'ಒಟ್ಟು ಫೀನಾಲ್' ಕೂಡ ಜನಪ್ರಿಯ ವಿಷಯ. ಅದನ್ನು ಅಳೆಯಲು ಬಳಸುವ ಫೋಲಿನ್-ಸಿಯೋಕಾಲ್ಟೊ ದ್ರಾವಣ ಫೀನಾಲ್‌ಗಷ್ಟೇ ಅಲ್ಲ, ವಿಟಮಿನ್ ಸಿಗೂ ನೀಲಿಯಾಗುತ್ತದೆ. ನೆಲ್ಲಿಯಲ್ಲಿ ಅದು ಹೇರಳವಾಗಿರುವುದರಿಂದ ಬಂದ ಅಂಕಿಯಲ್ಲಿ ಎಷ್ಟು ಯಾವುದರದು ಎಂದು ತಿಳಿಯುವುದಿಲ್ಲ. ಮೊದಲು ವಿಟಮಿನ್ ಸಿಯನ್ನೇ ಅಳೆಯಲಿ. ಶೇಕಡಾ 4ರ ಆಕ್ಸಾಲಿಕ್ ಆಮ್ಲದಲ್ಲಿ ಹಣ್ಣನ್ನು ಅರೆದು ಸೋಸಿ, ಡೈಕ್ಲೋರೋಫೀನಾಲ್ ಇಂಡೋಫೀನಾಲ್ ಬಣ್ಣವನ್ನು ಬ್ಯೂರೆಟ್‌ನಲ್ಲಿ ತುಂಬಿ ಟೈಟ್ರೇಷನ್ (ಬಣ್ಣ ನಿಲ್ಲುವವರೆಗೆ ಹನಿಹನಿ ಬಿಟ್ಟು ಅಳೆಯುವುದು) ಮಾಡುವುದು. ಬ್ಯೂರೆಟ್‌ನಲ್ಲಿ ಕಡುನೀಲಿಯಾಗಿರುವ ಹನಿ ಆಮ್ಲಕ್ಕೆ ಬಿದ್ದೊಡನೆ ಗುಲಾಬಿಯಾಗಿ, ಫ್ಲಾಸ್ಕನ್ನು ಒಂದು ಸುತ್ತು ತಿರುಗಿಸುವಷ್ಟರಲ್ಲಿ ಮಾಯವಾಗುತ್ತದೆ. ಕೊನೆ ಹತ್ತಿರವಾದಂತೆ ಮಾಯವಾಗಲು ತಡಮಾಡುತ್ತದೆ. ತಿಳಿಗುಲಾಬಿ ಹದಿನೈದು ಸೆಕೆಂಡು ನಿಂತರೆ ಅದೇ ಅಂತ್ಯಬಿಂದು. ಕಡುಗುಲಾಬಿ ಬಂದಿದ್ದರೆ ಹನಿಗಳು ಮೀರಿವೆ. ಬಣ್ಣದ ದ್ರಾವಣ ದಿನದಿನಕ್ಕೆ ಶಕ್ತಿ ಕಳೆದುಕೊಳ್ಳುವುದರಿಂದ ಅಂದಂದೇ ಶುದ್ಧ ಆಸ್ಕಾರ್ಬಿಕ್ ಆಮ್ಲದೊಂದಿಗೆ ತಾಳೆ ನೋಡಬೇಕು. ತಾಮ್ರ, ಕಬ್ಬಿಣದ ಪಾತ್ರೆಯಲ್ಲಿ ಅರೆದರೆ ವಿಟಮಿನ್ ಬೇಗ ಹಾಳಾಗುತ್ತದೆ. ನೇರಳೆ ಹಣ್ಣಿಗೆ ಈ ವಿಧಾನ ಬೇಡ, ಅದರ ಬಣ್ಣದಲ್ಲಿ ಗುಲಾಬಿ ಕಾಣುವುದಿಲ್ಲ.

ವಿಶ್ವವಿದ್ಯಾಲಯಗಳಿಗೂ ಅಧ್ಯಯನ ಮಂಡಳಿಗಳಿಗೂ ನಮ್ಮ ಕೋರಿಕೆ ಇಷ್ಟೆ. ವಿಷಯವನ್ನು ಹಿಂದಿನ ಸೆಮಿಸ್ಟರ್‌ನಲ್ಲೇ ನಿಗದಿ ಮಾಡಿದರೆ ರಾಸಾಯನಿಕ ತರಿಸಿ, ಒಂದು ಸಲ ಕೆಡಿಸಿ ಮತ್ತೆ ಮಾಡಲು ಸಮಯ ಸಿಗುತ್ತದೆ. ವರದಿಗೆ 20 ಪುಟದ ಮಿತಿ ಹಾಕಿ. ಅರ್ಧದಷ್ಟು ಅಂಕವನ್ನು ಲ್ಯಾಬ್ ನೋಟ್‌ಬುಕ್‌ಗೆ ಇಡಿ: ಪುಟಸಂಖ್ಯೆ ಇರುವ ಹೊಲಿದ ಪುಸ್ತಕ, ಪೆನ್ನಿನಲ್ಲಿ ಬರೆದದ್ದು, ದಿನಾಂಕ ಇರುವಂಥದ್ದು, ತಪ್ಪಾದದ್ದನ್ನು ಒಂದೇ ಗೆರೆ ಎಳೆದು ಹಾಗೇ ಉಳಿಸಿದ್ದು. ಹಣಕ್ಕೆ ಸಿಗುವ ಸಿದ್ಧ ವರದಿಗೆ ಇಂಥ ನೋಟ್‌ಬುಕ್ ಇರುವುದಿಲ್ಲ. ವೈವಾದಲ್ಲಿ ಪರೀಕ್ಷಕರು ಪೀಠಿಕೆ ಓದಿಸುವ ಬದಲು, ಒಂದು ಗುರುತಿಲ್ಲದ ಮಾದರಿ ಕೊಟ್ಟು ವಿದ್ಯಾರ್ಥಿಯ ಸ್ವಂತ ಗ್ರಾಫ್‌ನಿಂದ ಅದರ ಸಾಂದ್ರತೆ ಹೇಳಿಸಲಿ. ಹತ್ತು ನಿಮಿಷದ ಕೆಲಸ. ರಾಗಿಯ ಅಮೈಲೇಸ್ 48 ಗಂಟೆಗೂ 72 ಗಂಟೆಗೂ ವ್ಯತ್ಯಾಸವಿಲ್ಲ ಎಂದು ಬಂದರೆ ಅದಕ್ಕೂ ಪೂರ್ಣ ಅಂಕ ಸಿಗಬೇಕು. ಈಗ ಹಾಗಾಗದ್ದರಿಂದಲೇ ಮಕ್ಕಳು ರೀಡಿಂಗ್ ತಿದ್ದುವುದು. ಕಲರಿಮೀಟರಿಗಿಂತ ನಿಖರವಾದ ಸ್ಪೆಕ್ಟ್ರೋಫೋಟೋಮೀಟರ್ ಇರುವ ಕಾಲೇಜು ವಾರಕ್ಕೆ ಒಂದು ಮಧ್ಯಾಹ್ನ ಅಕ್ಕಪಕ್ಕದ ಕಾಲೇಜುಗಳಿಗೆ ಅದನ್ನು ಬಿಟ್ಟುಕೊಡುವ ಏರ್ಪಾಡನ್ನು ವಿಶ್ವವಿದ್ಯಾಲಯವೇ ಮಾಡಲಿ.

ನೀರಿನ ಘಟಕದ ಯೋಜನೆ ಹಿಡಿಯುವವರು ಮೊದಲ ಮೂರು ಬಾಟಲಿಗಳನ್ನು ಮಳೆಗಾಲ ಮುಗಿಯುತ್ತಿದ್ದಂತೆ, ಕೊನೆಯ ಮೂರನ್ನು ಮಾರ್ಚ್‌ನಲ್ಲಿ ತೆಗೆಯಲಿ. ಫಲಿತಾಂಶದ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ತಲುಪಲಿ.

— ರಸಾಯನಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ ಬೋಧಕರು, ತುಮಕೂರು