ಹೆಲಿಕಾಪ್ಟರ್ ಚೀಲದಲ್ಲಿ ಹೊಗೆ: ‘ಯಾರಿಗೂ ಏನೂ ಆಗಿಲ್ಲ’ ಎಂದರೆ ಸಾಲದು

ಸಂಪಾದಕರೇ,

2018ರ ಫೆಬ್ರವರಿಯಲ್ಲಿ ಕರೀಂನಗರದಲ್ಲಿ ನಡೆದದ್ದು ಕೆಲವು ಓದುಗರಿಗಾದರೂ ನೆನಪಿರಬಹುದು. ಆಗಿನ ತೆಲಂಗಾಣ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಹೊರಡಬೇಕಿದ್ದ ಹೆಲಿಕಾಪ್ಟರ್‌ನಲ್ಲಿ ಒಂದು ಚೀಲದಿಂದ ಹೊಗೆ ಬಂತು. ಒಳಗಿದ್ದದ್ದು ಸಂಪರ್ಕ ಸಾಧನ. ಭದ್ರತಾ ಸಿಬ್ಬಂದಿ ಅದನ್ನು ಎಳೆದು ದೂರ ಎಸೆದರು, ಅವರ ಧೈರ್ಯ ದೊಡ್ಡದು. ಹೆಲಿಕಾಪ್ಟರ್ ಇನ್ನೂ ನೆಲದ ಮೇಲಿತ್ತು, ಹಾಗಾಗಿ ಎಲ್ಲರೂ ಉಳಿದರು.

ಅದೇ ಹೊಗೆ ಐದು ನಿಮಿಷ ತಡವಾಗಿ ಬಂದಿದ್ದರೆ? ಸಣ್ಣ ಹೆಲಿಕಾಪ್ಟರ್‌ಗಳಲ್ಲಿ ಸಾಮಾನು ಇಡುವ ಜಾಗ ಹೆಚ್ಚಾಗಿ ಹಿಂದೆ, ಬಾಲದ ಬುಡದಲ್ಲಿ ಇರುತ್ತದೆ, ಬಾಗಿಲು ಹೊರಗಿನಿಂದ. ಹಾರುವಾಗ ಪೈಲಟ್ ಕೈ ಅಲ್ಲಿಗೆ ಹೋಗುವುದಿಲ್ಲ. ಬಾಲದ ರೆಕ್ಕೆ ತಿರುಗಿಸುವ ಶಾಫ್ಟ್ ಹಾದುಹೋಗುವುದೂ ಆ ಭಾಗದಲ್ಲೇ. ದೊಡ್ಡ ಪ್ರಯಾಣಿಕ ವಿಮಾನಗಳ ಸಾಮಾನು ಕೋಣೆಯಲ್ಲಿ ಹೊಗೆ ಪತ್ತೆ ಮಾಡುವ, ಬೆಂಕಿ ಆರಿಸುವ ವ್ಯವಸ್ಥೆ ಇರುತ್ತದೆ. ಹೆಲಿಕಾಪ್ಟರ್‌ಗಳಲ್ಲಿ ಕೆಲವು ಮಾದರಿಗಳಿಗೆ ಹೊಗೆ ಬಂದರೆ ಎಚ್ಚರಿಸುವ ದೀಪ ಇದೆ, ಎಷ್ಟೋ ಸಣ್ಣವಕ್ಕೆ ಅದೂ ಇಲ್ಲ. ಉಳಿದಿರುವುದು ತಕ್ಷಣ ಇಳಿಸುವುದೊಂದೇ ದಾರಿ, ಆದರೆ ಚಾರ್ಮಾಡಿ ಅಥವಾ ಆಗುಂಬೆಯ ಕಾಡಿನ ಮೇಲೆ ಹೋಗುತ್ತಿದ್ದರೆ ಎಲ್ಲಿ ಇಳಿಸುತ್ತಾರೆ ಹೇಳಿ.

ಅದಕ್ಕೇ ಇಂಥ ಘಟನೆಯನ್ನು ಸುಮ್ನೆ ‘ಸಣ್ಣ ಅವಘಡ’ ಎಂದು ಮುಚ್ಚಬಾರದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ (ಐಸಿಎಒ) ಅಪಘಾತ ತನಿಖೆಯ ನಿಯಮಗಳಿರುವ ಅನುಬಂಧ 13, ಸಾಮಾನು ಕೋಣೆಯಲ್ಲಿ ಬೆಂಕಿ ಅಥವಾ ಹೊಗೆ ಬಂದು ಆರಿಸಿದ್ದರೂ ಅದನ್ನು ಗಂಭೀರ ಘಟನೆಗಳ ಪಟ್ಟಿಯಲ್ಲೇ ಇಟ್ಟಿದೆ. ತನಿಖೆಯ ಉದ್ದೇಶ ಮುಂದಿನದನ್ನು ತಡೆಯುವುದು, ಯಾರನ್ನೋ ಹಿಡಿದು ಶಿಕ್ಷಿಸುವುದಲ್ಲ ಎಂದೂ ಅದೇ ಅನುಬಂಧ ಹೇಳುತ್ತದೆ. ನಮ್ಮಲ್ಲಿ ಇದಕ್ಕೆಂದೇ ವಿಮಾನ ಅಪಘಾತ ತನಿಖಾ ಬ್ಯೂರೋ ಇದೆ.

ತನಿಖೆಯಲ್ಲಿ ಮೊದಲು ಕೇಳಬೇಕಾದ್ದು, ಬೆಂಕಿ ಹುಟ್ಟಿದ್ದು ಚೀಲದಲ್ಲೋ, ಹೆಲಿಕಾಪ್ಟರ್‌ನ ತಂತಿಯಲ್ಲೋ? ತಂತಿ ಶಾರ್ಟ್ ಆದರೆ ತಾಮ್ರ ಕರಗಿ ಸಣ್ಣ ಗುಂಡುಗಳಾಗಿ ನಿಂತಿರುತ್ತದೆ. ಲಿಥಿಯಂ ಬ್ಯಾಟರಿ ಆದರೆ ಒಡೆದ ಸೆಲ್‌ಗಳು ಸಿಗುತ್ತವೆ. ಒಂದು ಸೆಲ್ ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಆರಿತು ಅಂದುಕೊಂಡ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಎಸೆದ ಚೀಲವನ್ನು ಜನ ತುಳಿದು, ನೀರು ಹೊಯ್ದು, ಕಸದ ಜೊತೆ ಸಾಗಿಸಿಬಿಟ್ಟರೆ ಈ ಗುರುತುಗಳೆಲ್ಲ ಹೋದವು. ಜೀವ ಉಳಿಸುವುದು ಮೊದಲು, ಸರಿ. ಆಮೇಲಾದರೂ ಆ ಜಾಗಕ್ಕೆ ಹಗ್ಗ ಕಟ್ಟಿ ಕಾಯಬೇಕು ಅಲ್ವಾ?

ಬ್ಯಾಟರಿ ಬೆಂಕಿ ಎಷ್ಟು ಕ್ರೂರ ಎಂಬುದಕ್ಕೆ 2010ರ ಸೆಪ್ಟೆಂಬರ್ 3ರ ದುಬೈ ದುರಂತವೇ ಸಾಕ್ಷಿ. ಯುಪಿಎಸ್ ಕಂಪನಿಯ ಬೋಯಿಂಗ್ 747 ಸರಕು ವಿಮಾನದಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಬಿದ್ದು, ಹೊಗೆಯಲ್ಲಿ ಉಪಕರಣಗಳೇ ಕಾಣದೆ ಇಬ್ಬರು ಪೈಲಟ್‌ಗಳೂ ಸತ್ತರು.

ವಿಮಾನದಲ್ಲಿ ಹೋಗುವ ನಮಗೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇಡಿ ಎನ್ನುತ್ತಾರೆ, ಅದರ ಸಾಮರ್ಥ್ಯ 100 ವ್ಯಾಟ್ ಅವರ್ ದಾಟಿದರೆ ಅನುಮತಿ ಕೇಳುತ್ತಾರೆ. ಚುನಾವಣೆ ಬಂದರೆ ಒಂದೊಂದು ಹೆಲಿಪ್ಯಾಡ್‌ನಲ್ಲೂ ನಾಯಕರ ಜೊತೆ ಕ್ಯಾಮೆರಾ, ಡ್ರೋನ್, ವಾಕಿಟಾಕಿ ಎಲ್ಲ ಹತ್ತುತ್ತವೆ. ಆಯೋಗದ ಸಿಬ್ಬಂದಿ ಹಣ ಇದೆಯಾ ಎಂದು ಚೀಲ ಬಿಚ್ಚಿ ನೋಡುತ್ತಾರೆ, ಒಳ್ಳೆಯದೇ. ಹಾಗೆ ಬಿಚ್ಚಿದಾಗಲೇ ಹೆಲಿಕಾಪ್ಟರ್ ಕಂಪನಿಯವರೊಬ್ಬರು ಪಕ್ಕದಲ್ಲಿ ನಿಂತು ಬ್ಯಾಟರಿಗಳನ್ನೂ ನೋಡಲಿ. ಬಿಡಿ ಬ್ಯಾಟರಿಗಳು ಹಿಂದಿನ ಕೋಣೆಗೆ ಹೋಗದೆ, ತುದಿಗೆ ಟೇಪ್ ಸುತ್ತಿಸಿಕೊಂಡು ಕ್ಯಾಬಿನ್‌ನಲ್ಲಿ ಕೈಗೆ ಸಿಗುವ ಹಾಗಿರಲಿ. ನಾಯಕರ ಆತುರಕ್ಕೆ ಪೈಲಟ್ ಮಣಿಯದಂತೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಇದನ್ನು ಕಡ್ಡಾಯ ಮಾಡಲಿ, ಮತ್ತು ಹೊಗೆ ಬಂದ ಪ್ರತಿ ಘಟನೆಯ ವರದಿಯೂ ಜನರಿಗೆ ಓದಲು ಸಿಗಲಿ.

– ಒಬ್ಬ ಓದುಗ, ಹಾಸನ