ಚಾಲಕರು ಬೇಕಾಗಿದ್ದಾರೆ: ಆವರೇಜು ಎಷ್ಟು ಕೇಳಿ

ಮಾನ್ಯ ಸಂಪಾದಕರೇ,

ನವಿ ಮುಂಬಯಿ ಸುತ್ತಲಿನ ಕಳಂಬೋಲಿ, ಉರಣ, ವಾಶಿ ಕಡೆಯ ಟ್ರೇಲರ್‌ಗಳಿಗೆ ಚಾಲಕರು ಬೇಕೆಂಬ ಜಾಹೀರಾತುಗಳು ವಿಜಯಪುರ, ಕಲಬುರಗಿ ಹುಡುಗರ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿವೆ. ‘ತಿಂಗಳಿಗೆ 45 ಸಾವಿರ’ ಎಂದಷ್ಟೇ ಇದ್ದು, ಭತ್ಯೆ ಅದರೊಳಗೋ ಹೊರಗೋ, ರೂಟ್ ಯಾವುದು, ಆಫೀಸು ಎಲ್ಲಿ ಎಂಬುದಿಲ್ಲದಿದ್ದರೆ ಅನುಮಾನಿಸಿ. ನೋಂದಣಿಗೆಂದು ಮೊದಲೇ ಯುಪಿಐನಲ್ಲಿ ಹಣ ಕೇಳಿದರೆ ಮಾತು ಅಲ್ಲಿಗೇ ಮುಗಿಸಿ. ಮೂಲ ಲೈಸನ್ಸನ್ನು ಒತ್ತೆ ಇಡಬೇಕಿಲ್ಲ. ಅಸಲಿಯೋ ನಕಲಿಯೋ ಸರ್ಕಾರದ ಲೈಸನ್ಸ್ ಜಾಲತಾಣ ‘ಸಾರಥಿ’ಯಲ್ಲೇ ಗೊತ್ತಾಗುತ್ತದೆ.

ನಿಜವಾದ ಹೊಡೆತ ಬೀಳುವುದು ಡೀಸೆಲ್ ಆವರೇಜಿನಲ್ಲಿ, ಅಂದರೆ ಲೀಟರಿಗೆ ಗಾಡಿ ಎಷ್ಟು ಕಿ.ಮೀ. ಓಡಬೇಕೆಂಬ ಲೆಕ್ಕದಲ್ಲಿ. ಮಾಲೀಕರು ಖಾಲಿ ಗಾಡಿಗೂ ಲೋಡಿಗೂ ಒಂದೇ ಆವರೇಜು ಹಿಡಿದು, ಕೊರತೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ತುಂಬಿದ ಟ್ರೇಲರ್ ಖಂಡಾಲ ಘಾಟ್ ಏರುವಾಗ, ಬಂದರಿನ ಸಾಲಿನಲ್ಲಿ ಎಂಜಿನ್ ಆರಿಸದೆ ತೆವಳುವಾಗ ಆ ಲೆಕ್ಕ ಕೂಡುವುದೇ ಇಲ್ಲ. ಎರಡೂ ಆವರೇಜನ್ನು ಬರೆಸಿಕೊಳ್ಳಿ, ಬಾಯಿಮಾತು ಬೇಡ.

ಕೆಮಿಕಲ್ ಟ್ಯಾಂಕರ್‌ಗೆ ‘ಹೆವಿ ಲೈಸನ್ಸ್ ಸಾಕು’ ಎನ್ನುವುದು ಶುದ್ಧ ಸುಳ್ಳು. 1989ರ ಕೇಂದ್ರ ಮೋಟಾರು ವಾಹನ ನಿಯಮ 9ರಂತೆ ತರಬೇತಿಯೂ ಲೈಸನ್ಸ್‌ನಲ್ಲಿ ಅಪಾಯಕಾರಿ ಸರಕಿನ ನಮೂದೂ ಬೇಕು. ಕೀಲಿ ಹಿಡಿಯುವ ಮುನ್ನ ಲಾರಿ ನಂಬರನ್ನು ಸರ್ಕಾರದ ಎಂಪರಿವಾಹನ್ ಆ್ಯಪ್‌ಗೆ ಹಾಕಿ ಫಿಟ್‌ನೆಸ್, ವಿಮೆ ನೋಡಿ. ಅವಧಿ ಮುಗಿದಿದ್ದರೆ ನಾಕಾದಲ್ಲಿ (ತಪಾಸಣಾ ಠಾಣೆಯಲ್ಲಿ) ನಿಲ್ಲುವವನು ಚಾಲಕನೇ.

– ಕೆಲವು ಲಾರಿ ಚಾಲಕರು, ನವಿ ಮುಂಬಯಿ